ಓಡಿದವರಿಗೆ ಕೊಡುವುದು, ದುಡಿದವರಿಗೆ ಕೊಡುವುದು

ತಾಲೂಕು ಜಿಲ್ಲೆಗಳ ಕ್ರೀಡಾಕೂಟ ಸಮಿತಿಗಳ ಹಾಗೂ ಊರೂರಿನ ಸನ್ಮಾನ ಸಮಿತಿಗಳ ಮಾನ್ಯ ಸದಸ್ಯರಿಗೆ,

ಮಹನೀಯರೆ,

ಆಗಸ್ಟ್ ತಿಂಗಳಿನ ಹೋಬಳಿ ಮಟ್ಟದ ಆಟೋಟಗಳಿಂದ ಮೊದಲ್ಗೊಂಡು, ದಸರೆಯ ಕುಸ್ತಿ, ನವೆಂಬರಿನ ರಾಜ್ಯೋತ್ಸವ, ಚಳಿಗಾಲದ ಕಂಬಳ, ಕಡೆಗೆ ಬೇಸಗೆಯ ಜಾತ್ರೆಗಳ ಬಯಲು ಪಂದ್ಯಗಳವರೆಗೆ, ಯಾರಾದರೊಬ್ಬರು ಇನ್ನಾರಿಗಾದರೂ ಬಹುಮಾನವನ್ನೋ ಸನ್ಮಾನವನ್ನೋ ಕೊಡದೆ ಕಳೆಯುವ ವಾರವು ನಮ್ಮ ನಾಡಿನಲ್ಲಿ ಅಪರೂಪ. ಈ ಕಾರ್ಯಕ್ಕಾಗಿ ರಸೀತಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ತಿರುಗಿ ಚಂದಾ ಎತ್ತುವವರು, ಶಾಮಿಯಾನದವರನ್ನೂ ಮೈಕಿನವರನ್ನೂ ಗೊತ್ತುಮಾಡುವವರು, ಮಳೆ ಬಂದರೆ ಮಕ್ಕಳನ್ನೆಲ್ಲಿ ಕೂರಿಸುವುದೆಂದು ರಾತ್ರಿಯೆಲ್ಲ ಚಿಂತಿಸುವವರು ತಾವು. ಆ ಶ್ರಮಕ್ಕೆ ತಮಗೆ ಸಂಬಳವಿಲ್ಲ. ಅನೇಕ ವೇಳೆ ಕೈಯಿಂದ ಖರ್ಚು ಬೀಳುವುದೂ ಉಂಟು. ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣದ ಮೇಷ್ಟರಾಗಿ ನೌಕರಿಯ ಕಾಲವನ್ನೆಲ್ಲ ಕಳೆದು, ಇಂಥ ಕೂಟಗಳಲ್ಲಿ ಸೀಟಿ ಊದಿ, ಸುಣ್ಣದ ಗೆರೆ ಎಳೆಯಿಸಿ, ಫಲಿತಾಂಶದ ಹಾಳೆ ಬರೆದವನಾದ ನಾನು ತಮ್ಮ ಕಷ್ಟವನ್ನು ಬಲ್ಲೆ. ಬಲ್ಲೆನಾದುದರಿಂದಲೇ ತಮ್ಮೆದುರು ಒಂದು ಅರಿಕೆಯನ್ನು ಬಿಚ್ಚುಮನಸ್ಸಿನಿಂದ ಇಡಬೇಕೆನಿಸಿತು.

ಆಟದ ಬಯಲಿನಲ್ಲಿ ಗೆದ್ದವನಿಗೆ ಕೊಡತಕ್ಕದ್ದೂ ಸಾರ್ವಜನಿಕ ಜೀವನದಲ್ಲಿ ದುಡಿದವನಿಗೆ ಸಲ್ಲಿಸತಕ್ಕದ್ದೂ ಒಂದೇ ಜಾತಿಯ ವಸ್ತುವೆಂದು ನಾವು ಭಾವಿಸಿಕೊಂಡಿದ್ದೇವೆ. ಎರಡಕ್ಕೂ ಅದೇ ವೇದಿಕೆ, ಅದೇ ಶಾಲು, ಅದೇ ಗಂಧದ ಹಾರ, ಹಿತ್ತಾಳೆಯ ಬಣ್ಣ ಬಳಿದ ಅದೇ ಸ್ಮರಣಿಕೆ. ವಾಸ್ತವವಾಗಿ ಇವೆರಡರ ಸ್ವಭಾವವೇ ಬೇರೆ. ಓಟದಲ್ಲಿ ಯಾರು ಮೊದಲು ಬಂದರೆಂಬುದನ್ನು ನೂಲು ಹೇಳುತ್ತದೆ, ಗಡಿಯಾರ ಹೇಳುತ್ತದೆ. ಉದ್ದ ಜಿಗಿತದಲ್ಲಿ ಟೇಪು ಹೇಳುತ್ತದೆ. ಕುಸ್ತಿಯಲ್ಲಿ ಮಣ್ಣು ಹತ್ತಿದ ಬೆನ್ನು ಹೇಳುತ್ತದೆ. ಬಹುಮಾನವನ್ನು ಕೊಡುವ ಹೊತ್ತಿಗೆ ತೀರ್ಮಾನವೆಲ್ಲ ಮುಗಿದಿರುತ್ತದೆ. ಕೊಡುವವನು ಅಲ್ಲಿ ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ. ಸಾರ್ವಜನಿಕ ಜೀವನಕ್ಕಾದರೋ ಟೇಪಿಲ್ಲ, ಗಡಿಯಾರವಿಲ್ಲ. ಒಬ್ಬ ಸೂಲಗಿತ್ತಿ, ಒಬ್ಬ ಗ್ರಂಥಪಾಲಕ, ಕೆರೆಯ ಹೂಳೆತ್ತಿಸಿದ ಒಬ್ಬ ಪಂಚಾಯತಿ ಸದಸ್ಯ, ಇವರಲ್ಲಿ ಯಾರ ಸೇವೆ ಹಿರಿದೆಂಬುದನ್ನು ಅಳೆಯುವ ಉಪಕರಣವನ್ನು ಯಾರೂ ನಿರ್ಮಿಸಿಲ್ಲ. ಅಲ್ಲಿ ತೂಗಿ ನೋಡುವ ಹೊಣೆ ಪೂರ್ತಿಯಾಗಿ ಕೊಡುವವನ ವಿವೇಕದ ಮೇಲೆ ಬೀಳುತ್ತದೆ. ಆದುದರಿಂದ ಅಲ್ಲಿ ಪರೀಕ್ಷೆಗೆ ಕುಳಿತವನು ಪಡೆಯುವವನಲ್ಲ, ಕೊಡುವವನು. ಮೊದಲನೆಯದಕ್ಕೆ ಬೇಕಾದುದು ನಿಖರತೆ, ಎರಡನೆಯದಕ್ಕೆ ಬೇಕಾದುದು ವಿವೇಚನೆ. ನಾವು ಮಾಡುತ್ತಿರುವುದು ಇದರ ತಲೆಕೆಳಗು: ನಿಖರತೆ ಬೇಕಾದೆಡೆ ಆಡಂಬರವನ್ನೂ, ವಿವೇಚನೆ ಬೇಕಾದೆಡೆ ಅರ್ಜಿಯ ನಮೂನೆಯನ್ನೂ ಇಟ್ಟಿದ್ದೇವೆ.

ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬೇಕು. ಊರನ್ನಾಗಲಿ ಶಾಲೆಯನ್ನಾಗಲಿ ಹೆಸರಿಸುವ ಅಗತ್ಯವಿಲ್ಲ, ಏಕೆಂದರೆ ಅದು ಎಲ್ಲಿ ಬೇಕಾದರೂ ನಡೆಯಬಹುದಾದುದು. ತಾಲೂಕು ಮಟ್ಟದ ಕೂಟ, ಸಂಜೆಯ ಹೊತ್ತು, ಬಾಲಕಿಯರ ಮೂರು ಸಾವಿರ ಮೀಟರ್ ಓಟ. ಇನ್ನೂರು ಮೀಟರಿನ ಬಯಲಾದುದರಿಂದ ಹದಿನೈದು ಸುತ್ತು ಓಡಬೇಕು. ಬೆಳಗಿನಿಂದ ತುಳಿದು ತುಳಿದು ಒಳಗೆರೆಯ ಸುಣ್ಣ ಅಳಿಸಿಹೋಗಿತ್ತು. ತಿರುವಿನಲ್ಲಿ ಜಲ್ಲಿ ಎದ್ದಿತ್ತು. ಬರಿಗಾಲಿನ ಒಬ್ಬ ಹುಡುಗಿ ನಾಲ್ಕನೆಯ ಸುತ್ತಿನಲ್ಲಿ ಮುಂದೆ ಬಂದವಳು ಮತ್ತೆ ಹಿಂದೆ ನೋಡಲಿಲ್ಲ, ಎರಡನೆಯವಳಿಗಿಂತ ಹೆಚ್ಚುಕಡಮೆ ಮುಕ್ಕಾಲು ಸುತ್ತು ಮೊದಲೇ ಮುಗಿಸಿ, ಮೊಣಕಾಲ ಮೇಲೆ ಕೈಯೂರಿ ಉಸಿರು ಹಿಡಿದು, ಸುತ್ತು ಎಣಿಸುತ್ತ ನಿಂತಿದ್ದ ನನ್ನ ಬಳಿ ಬಂದು ಕೇಳಿದಳು: “ಸಾರ್, ನನ್ನ ಟೈಮು ಎಷ್ಟಾಯ್ತು?” ಹೇಳಲು ಯಾರ ಬಳಿಯೂ ಉತ್ತರವಿರಲಿಲ್ಲ. ಓಟ ನಡೆಯುತ್ತಿದ್ದಾಗಲೇ ಮುಖ್ಯ ಅತಿಥಿಗಳ ಕಾರು ಬಂದುದರಿಂದ, ಸ್ಟಾಪ್‌ವಾಚ್ ಹಿಡಿದಿದ್ದವರನ್ನು ಹೂಗುಚ್ಛದೊಡನೆ ಗೇಟಿನ ಬಳಿಗೆ ಕಳಿಸಲಾಗಿತ್ತು. ವೇದಿಕೆಯ ಮೇಲೆ ಅತಿಥಿಗಳಿಗೆ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಭಾಷಣಗಳೆಲ್ಲ ಮುಗಿದು ಬಹುಮಾನ ವಿತರಣೆಯ ಸರದಿ ಬರುವಷ್ಟರಲ್ಲಿ ಅವಳ ಊರಿಗೆ ಹೋಗುವ ಕೊನೆಯ ಬಸ್ಸಿನ ಹೊತ್ತಾಗಿತ್ತು. ಹೆಸರು ಬರೆಯದ ಪ್ರಮಾಣಪತ್ರವೊಂದನ್ನು ಅವಳ ಮೇಷ್ಟರು ಕೈಗೆತ್ತಿಕೊಂಡು ಹೊರಟರು.

ಆ ಹುಡುಗಿ ಕೇಳಿದ್ದು ಪದಕವನ್ನಲ್ಲ, ಹಣವನ್ನಲ್ಲ. ತಾನು ಮಾಡಿದ ಕೆಲಸದ ಅಳತೆಯನ್ನು. ಮುಂದಿನ ತಿಂಗಳು ಜಿಲ್ಲಾ ಮಟ್ಟದಲ್ಲಿ ಓಡುವಾಗ ಎಷ್ಟು ಸೆಕೆಂಡು ಇಳಿಸಬೇಕೆಂದು ತಿಳಿಯಲು ಅವಳಿಗೆ ಆ ಅಂಕೆ ಬೇಕಿತ್ತು. ಕ್ರೀಡೆಯಲ್ಲಿ ಪ್ರತಿಫಲವೆಂಬುದರ ತಿರುಳೇ ಅದು. ಉಳಿದುದೆಲ್ಲ ಅದರ ಮೇಲಿನ ಅಲಂಕಾರ. ತಿರುಳನ್ನು ಕೊಡಲಾರದೆ ಹೋದ ಸಮಿತಿಯು ಎಷ್ಟು ದೊಡ್ಡ ಕಪ್ಪನ್ನು ಕೊಟ್ಟರೇನು?

ಆಟದ ಬಹುಮಾನವನ್ನೂ ಸಾರ್ವಜನಿಕ ಗೌರವವನ್ನೂ ಬೆರೆಸುವ ಈ ಗೊಂದಲ ನಮ್ಮ ಕಾಲದಲ್ಲಿ ಹುಟ್ಟಿದುದಲ್ಲ. ಒಲಿಂಪಿಕ್ ಕ್ರೀಡೆಗಳ ತವರಾದ ಗ್ರೀಸಿನಲ್ಲಿಯೂ ಇದು ಇದ್ದಿತು, ಅಲ್ಲಿನವರು ಅದನ್ನು ಕುರಿತು ನಮಗಿಂತ ಆಳವಾಗಿ ಯೋಚಿಸಿಯೂ ಇದ್ದರು. ಒಲಿಂಪಿಯಾದಲ್ಲಿ ಗೆದ್ದವನಿಗೆ ಸಿಗುತ್ತಿದ್ದುದು ಆಲಿವ್ ಎಲೆಗಳ ಒಂದು ಕಿರೀಟ ಮಾತ್ರ. ಕ್ರಿಸ್ತಪೂರ್ವ 480ರಲ್ಲಿ ಪರ್ಷಿಯದ ದೊರೆ ಕ್ಸೆರ್ಕ್ಸಿಸನು ಗ್ರೀಸಿನ ಮೇಲೆ ದಂಡೆತ್ತಿ ಬಂದಾಗ, ಗ್ರೀಕರು ಈಗ ಏನು ಮಾಡುತ್ತಿದ್ದಾರೆಂದು ವಿಚಾರಿಸಲು, ಒಲಿಂಪಿಕ್ ಆಟಗಳನ್ನು ನಡೆಸುತ್ತಿದ್ದಾರೆಂದೂ ಅಲ್ಲಿ ಪಂಥಕ್ಕಿಟ್ಟಿರುವುದು ಎಲೆಯ ಕಿರೀಟವೆಂದೂ ಉತ್ತರ ಬಂದಿತಂತೆ. ಅದನ್ನು ಕೇಳಿದ ಪರ್ಷಿಯದ ಸರದಾರನೊಬ್ಬನು, ಹಣಕ್ಕಾಗಿಯಲ್ಲದೆ ಶ್ರೇಷ್ಠತೆಗಾಗಿ ಸೆಣಸುವ ಎಂಥ ಜನರ ಮೇಲೆ ನಮ್ಮನ್ನು ಕರೆತಂದಿರಿ ಎಂದು ಉದ್ಗರಿಸಿದನೆಂದು ಇತಿಹಾಸಕಾರ ಹೆರೊಡೋಟಸನು ಬರೆದಿದ್ದಾನೆ. ಭಾಷಣಕಾರರು ಸಾಮಾನ್ಯವಾಗಿ ಇಲ್ಲಿಗೆ ಕಥೆಯನ್ನು ನಿಲ್ಲಿಸಿಬಿಡುತ್ತಾರೆ. ಆದರೆ ಕಿರೀಟ ತೊಟ್ಟವನು ತನ್ನ ನಗರಕ್ಕೆ ಮರಳಿದ ಬಳಿಕ ನಡೆಯುತ್ತಿದ್ದುದು ಬೇರೆಯೇ. ಆಥೆನ್ಸಿನ ಶಾಸನಕರ್ತ ಸೋಲನನು ಒಲಿಂಪಿಕ್ ವಿಜೇತನಿಗೆ 500 ದ್ರಾಕ್ಮೆಗಳೆಂದು ಗೊತ್ತುಮಾಡಿದ್ದನೆಂದು ಚರಿತ್ರೆಕಾರ ಪ್ಲುಟಾರ್ಕ್ ಹೇಳುತ್ತಾನೆ. ಒಂದು ದ್ರಾಕ್ಮೆಗೆ ಒಂದು ಕುರಿ ಬರುತ್ತಿದ್ದ ಕಾಲವದು. ಆಥೆನ್ಸಿನದೇ ಆದ ಪಾನಾಥೆನಿಕ್ ಕ್ರೀಡೆಗಳಲ್ಲಿ ಚಿತ್ರ ಬರೆದ ದೊಡ್ಡ ಜಾಡಿಗಳಲ್ಲಿ ಆಲಿವ್ ಎಣ್ಣೆ ತುಂಬಿ ಕೊಡುತ್ತಿದ್ದರು. ಗೆದ್ದವನು ಅದನ್ನು ಮಾರಿಕೊಳ್ಳಬಹುದಾಗಿತ್ತು. ಇದಕ್ಕೆಲ್ಲ ಮೇಲಾಗಿ, ನಗರದ ಸಾರ್ವಜನಿಕ ಭೋಜನಗೃಹದಲ್ಲಿ ಒಲಿಂಪಿಕ್ ವಿಜೇತನಿಗೆ ನಿತ್ಯ ಊಟದ ಗೌರವವಿತ್ತು.

ಇದನ್ನು ಸಹಿಸದವರೂ ಇದ್ದರು. ಕವಿ ಹಾಗೂ ತತ್ತ್ವಚಿಂತಕ ಕ್ಸೆನೊಫೇನಿಸನು, ಒಬ್ಬನು ಓಟದಲ್ಲಿಯೋ ಮಲ್ಲಯುದ್ಧದಲ್ಲಿಯೋ ಗೆದ್ದ ಮಾತ್ರಕ್ಕೆ ನಗರದ ಆಡಳಿತ ಉತ್ತಮಗೊಳ್ಳುವುದಿಲ್ಲ, ಕಣಜ ತುಂಬುವುದಿಲ್ಲ ಎಂದು ಆಕ್ಷೇಪಿಸಿದನು. ಆದರೆ ಈ ವಿಷಯದಲ್ಲಿ ಎಲ್ಲರಿಗಿಂತ ತೀಕ್ಷ್ಣವಾದ ಮಾತು ಬಂದುದು ಒಂದು ನ್ಯಾಯಸ್ಥಾನದಲ್ಲಿ. ಕ್ರಿಸ್ತಪೂರ್ವ 399ರಲ್ಲಿ ಸಾಕ್ರೆಟೀಸನು ಅಪರಾಧಿಯೆಂದು ತೀರ್ಪಾದ ಮೇಲೆ, ಅಲ್ಲಿನ ಪದ್ಧತಿಯಂತೆ ತನಗೆ ಸಲ್ಲಬೇಕಾದ ಶಿಕ್ಷೆಯನ್ನು ತಾನೇ ಸೂಚಿಸುವ ಅವಕಾಶ ಒದಗಿದಾಗ, ತನ್ನ ಜೀವಮಾನದ ಕೆಲಸಕ್ಕೆ ತಕ್ಕದ್ದು ಶಿಕ್ಷೆಯಲ್ಲವೆಂದೂ, ಅದೇ ಭೋಜನಗೃಹದ ಊಟವೆಂದೂ ಹೇಳಿದನು. ರಥದ ಪಂದ್ಯದಲ್ಲಿ ಗೆದ್ದವನು ನೀವು ಸುಖಿಗಳೆಂದು ನಿಮಗೆ ತೋರುವಂತೆ ಮಾಡುತ್ತಾನೆ, ನಾನು ನೀವು ನಿಜವಾಗಿ ಸುಖಿಗಳಾಗುವಂತೆ ಮಾಡುತ್ತೇನೆ; ಅವನಿಗೆ ಊಟದ ಕೊರತೆಯಿಲ್ಲ, ನನಗೆ ಇದೆ: ಇದು ಅವನ ವಾದದ ಸಾರ. ನ್ಯಾಯದರ್ಶಿಗಳು ಅವನಿಗೆ ವಿಷವನ್ನು ವಿಧಿಸಿದರು.

ಈ ಪ್ರಸಂಗವನ್ನು ಆಟಗಾರರನ್ನು ಹೀಗಳೆಯುವುದಕ್ಕೆ ಬಳಸುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಸಾಕ್ರೆಟೀಸನ ಮಾತಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ಊಟದ ಪ್ರಸ್ತಾಪ. ಗೌರವವೆಂದು ಕೊಡುವ ಊಟ ಬೇರೆ, ಹಸಿದವನಿಗೆ ಬೇಕಾದ ಊಟ ಬೇರೆ. ನಗರವು ಮೊದಲನೆಯದನ್ನು ಕೊಡುತ್ತ ಎರಡನೆಯದನ್ನು ಮರೆತಿದೆಯೆಂದು ಅವನು ಎತ್ತಿ ತೋರಿಸಿದನು. ಅಂದಿನಿಂದ ಇಂದಿನವರೆಗೆ ಕ್ರೀಡೆಯಲ್ಲಿಯೂ ಸಾರ್ವಜನಿಕ ಜೀವನದಲ್ಲಿಯೂ ನಾವು ಎಡವುತ್ತಿರುವುದು ಈ ಒಂದೇ ಕಲ್ಲಿಗೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಒಲಿಂಪಿಕ್ಸನ್ನು ಮತ್ತೆ ಎಬ್ಬಿಸಿದ ಯೂರೋಪಿನ ಸಜ್ಜನರು, ಆಟದಿಂದ ಒಂದು ಕಾಸನ್ನಾದರೂ ಪಡೆದವನು ಆಟದ ಪಾವಿತ್ರ್ಯವನ್ನು ಕೆಡಿಸುತ್ತಾನೆಂದು ನಿಯಮ ಮಾಡಿದರು. ಕೇಳುವುದಕ್ಕೆ ಉದಾತ್ತವಾದ ಮಾತು. ಆದರೆ ಆ ನಿಯಮದ ಕತ್ತಿ ಬಿದ್ದುದು ಯಾರ ಮೇಲೆ? 1912ರ ಸ್ಟಾಕ್‌ಹೋಮ್ ಕ್ರೀಡೆಗಳಲ್ಲಿ ಪೆಂಟಾಥ್ಲಾನ್ ಡೆಕಾಥ್ಲಾನ್ ಎರಡನ್ನೂ ಗೆದ್ದ ಅಮೆರಿಕದ ಮೂಲನಿವಾಸಿ ಜಿಮ್ ಥಾರ್ಪ್, ಅದಕ್ಕೆ ಹಿಂದೆ ಬೇಸಗೆಯಲ್ಲಿ ಸಣ್ಣಪುಟ್ಟ ಬೇಸ್‌ಬಾಲ್ ತಂಡಗಳಲ್ಲಿ ಅಲ್ಪ ಸಂಭಾವನೆಗೆ ಆಡಿದ್ದನೆಂಬ ಕಾರಣಕ್ಕೆ 1913ರಲ್ಲಿ ಅವನ ಪದಕಗಳನ್ನು ಕಿತ್ತುಕೊಳ್ಳಲಾಯಿತು. ಅವನ್ನು ಮರಳಿಸುವ ತೀರ್ಮಾನವಾದುದು 1982ರಲ್ಲಿ, ಅವನು ತೀರಿಕೊಂಡು ಮೂವತ್ತು ವರ್ಷವಾಗುತ್ತ ಬಂದಾಗ. ಆ ಸ್ಪರ್ಧೆಗಳ ಏಕೈಕ ವಿಜೇತನೆಂದು ಅವನ ಹೆಸರು ಮತ್ತೆ ದಾಖಲಾದುದು 2022ರಲ್ಲಿ. ಮನೆಯಲ್ಲಿ ಆಸ್ತಿಯಿದ್ದವನಿಗೆ ನಿಷ್ಕಾಮನಾಗಿರುವುದು ಸುಲಭ. ದುಡಿದು ತಿನ್ನುವವನಿಗೆ ಅದೇ ನಿಯಮವು ಮುಚ್ಚಿದ ಬಾಗಿಲು. ಕಾಲ ಬದಲಾಯಿತು: 2024ರ ಪ್ಯಾರಿಸ್ ಕ್ರೀಡೆಗಳಲ್ಲಿ ಅಥ್ಲೆಟಿಕ್ಸಿನ ಅಂತರರಾಷ್ಟ್ರೀಯ ಸಂಸ್ಥೆಯೇ ಚಿನ್ನ ಗೆದ್ದವರಿಗೆ ತಲಾ 50,000 ಡಾಲರುಗಳನ್ನು ಕೊಟ್ಟಿತು.

ರಾಜಕಾರಣದಲ್ಲಿಯೂ ನಡೆದುದು ಇದೇ. ಶಾಸನ ಸಭೆಯ ಸದಸ್ಯತ್ವವು ಮಾನದ ಸ್ಥಾನ, ಅದಕ್ಕೆ ಕೂಲಿ ಕೇಳುವುದು ಹೀನವೆಂಬ ನಂಬಿಕೆ ಬ್ರಿಟನ್ನಿನಲ್ಲಿ ಬಲವಾಗಿದ್ದ ಕಾಲಕ್ಕೆ ಅಲ್ಲಿ ಕಾರ್ಮಿಕನೊಬ್ಬನು ಸಂಸತ್ತಿನಲ್ಲಿ ಕೂರುವುದು ಹೇಗೆ ಸಾಧ್ಯ? 1838ರಲ್ಲಿ ಕಾರ್ಮಿಕರ ಚಾರ್ಟಿಸ್ಟ್ ಚಳವಳಿಯವರು ಮುಂದಿಟ್ಟ ಆರು ಬೇಡಿಕೆಗಳಲ್ಲಿ ಸದಸ್ಯರಿಗೆ ವೇತನವೆಂಬುದೂ ಒಂದಾಗಿತ್ತು. ಅದು ಕೈಗೂಡಿದುದು 1911ರಲ್ಲಿ, ವರ್ಷಕ್ಕೆ 400 ಪೌಂಡಿನಂತೆ. ಆಥೆನ್ಸಿನ ಪೆರಿಕ್ಲಿಸನು ನ್ಯಾಯದರ್ಶಿಗಳಿಗೆ ದಿನಭತ್ಯೆ ಗೊತ್ತುಮಾಡಿದಾಗಲೂ ಉದ್ದೇಶ ಇದೇ: ಕೂಲಿ ಬಿಟ್ಟು ಬಂದವನ ಮನೆಯಲ್ಲಿ ಅಂದು ಒಲೆ ಉರಿಯಬೇಕು. ನಮ್ಮ ಸಂವಿಧಾನವೂ ತನ್ನ 106ನೆಯ ಮತ್ತು 195ನೆಯ ವಿಧಿಗಳಲ್ಲಿ ಸಂಸತ್ ಸದಸ್ಯರಿಗೂ ಶಾಸಕರಿಗೂ ವೇತನ ಭತ್ಯೆಗಳ ವ್ಯವಸ್ಥೆ ಮಾಡಿದೆ. ಜನಪ್ರತಿನಿಧಿಗಳ ಸಂಬಳ ಏರಿದಾಗಲೆಲ್ಲ ನಮಗೆ ಬರುವ ಕೋಪದಲ್ಲಿ ನ್ಯಾಯವಿರಬಹುದು. ಸಂಬಳವೇ ಕೂಡದೆಂಬ ಮಾತಿನಲ್ಲಿ ನ್ಯಾಯವಿಲ್ಲ.

ಮಹನೀಯರೆ, ಅನ್ನ ಮೊದಲು ಬರಬೇಕು, ಹಾರ ಆಮೇಲೆ. ಇದಕ್ಕೆ ನಮ್ಮ ಗಡಿಯಾಚೆಯ ನೆರೆಯವನೊಬ್ಬನ ಬದುಕನ್ನು ನೆನಪಿಸುತ್ತೇನೆ. ಬೆಳಗಾವಿಯ ಗರಡಿಗಳಿಗೂ ಕೊಲ್ಲಾಪುರದ ತಾಲೀಮುಗಳಿಗೂ ನಡುವೆ ಕೆಮ್ಮಣ್ಣಿನ ನಂಟು ಹಳೆಯದಾದುದರಿಂದ ಅವನು ನಮಗೆ ಪರಕೀಯನಲ್ಲ. ಕರಾಡದ ಬಳಿಯ ಗೋಳೇಶ್ವರ ಗ್ರಾಮದ ಕುಸ್ತಿಪಟು ಖಾಶಾಬಾ ಜಾಧವ್, 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆರನೆಯವನಾಗಿ ಮರಳಿದ್ದವನು, 1952ರ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದೆ ಊರವರ ಬಳಿ ಕೈಯೊಡ್ಡಬೇಕಾಯಿತು. ಅವನು ಓದಿದ ಕೊಲ್ಲಾಪುರದ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲರಾಗಿದ್ದವರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿ ಒದಗಿಸಿದರೆಂದು ಅವನ ಜೀವನವನ್ನು ಬರೆದವರು ಹೇಳುತ್ತಾರೆ. ಅವನು ಕಂಚಿನ ಪದಕ ತಂದನು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ದೊರೆತ ಮೊದಲ ಒಲಿಂಪಿಕ್ ಪದಕವದು. ಎರಡನೆಯದಕ್ಕೆ ದೇಶವು 1996ರವರೆಗೆ ಕಾಯಬೇಕಾಯಿತು. ಕರಾಡದ ನಿಲ್ದಾಣದಿಂದ ಅವನನ್ನು ನೂರೈವತ್ತಕ್ಕೂ ಮಿಕ್ಕ ಎತ್ತಿನ ಗಾಡಿಗಳ ಮೆರವಣಿಗೆಯಲ್ಲಿ ಕರೆದೊಯ್ದರು. ಆಮೇಲೆ ಅವನು ಮಾಡಿದ ಮೊದಲ ಕೆಲಸಗಳಲ್ಲೊಂದು, ಕುಸ್ತಿ ಪಂದ್ಯಗಳನ್ನಾಡಿ ಆ ಹಣದಿಂದ ಸಾಲವನ್ನು ತೀರಿಸಿದುದು. 1955ರಲ್ಲಿ ಪೊಲೀಸು ಇಲಾಖೆಗೆ ಸೇರಿ, 1984ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡನು. ಅರ್ಜುನ ಪ್ರಶಸ್ತಿ 1961ರಿಂದ ಇದ್ದಿತಷ್ಟೆ. ಅವನಿಗೆ ಅದು ಸಂದುದು ಮರಣಾನಂತರ, ಒಂದೂವರೆ ದಶಕವೂ ಕಳೆದ ಮೇಲೆ.

ಇಲ್ಲಿ ಯಾವುದು ದೊಡ್ಡ ಗೌರವ? ನನ್ನ ಎಣಿಕೆಯಲ್ಲಿ, ಪ್ರಾಂಶುಪಾಲರು ಒತ್ತೆಯಿಟ್ಟ ಆ ಮನೆ. ಗೆಲ್ಲುವ ಮೊದಲೇ, ಗೆಲ್ಲುವನೋ ಇಲ್ಲವೋ ತಿಳಿಯದಿರುವಾಗ, ಒಬ್ಬನ ಮೇಲೆ ನಂಬಿಕೆಯಿಟ್ಟು ಕೊಟ್ಟುದು ಅದು. ಗೆದ್ದ ಮೇಲೆ ಕೊಡಲು ಊರೆಲ್ಲ ಮುಂದೆ ಬರುತ್ತದೆ. ಹರಿಯಾಣ ಸರ್ಕಾರವು ಒಲಿಂಪಿಕ್ ಚಿನ್ನಕ್ಕೆ 6 ಕೋಟಿ ರೂಪಾಯಿ ಇಟ್ಟಿರುವುದನ್ನು ನಾನು ತಪ್ಪೆನ್ನಲಾರೆ. ಆದರೆ ಕೇಂದ್ರ ಸರ್ಕಾರವು 2014ರಲ್ಲಿ ಆರಂಭಿಸಿದ ಒಲಿಂಪಿಕ್ ಪದಕ ಯೋಜನೆಯಲ್ಲಿ ಆಯ್ಕೆಯಾದ ಆಟಗಾರರಿಗೆ ತಿಂಗಳಿಗೆ 50,000 ರೂಪಾಯಿಯವರೆಗೆ ಕೈಖರ್ಚಿಗೆ ಸಲ್ಲುತ್ತಿರುವುದು ಅದಕ್ಕಿಂತ ಹಿರಿದಾದ ಕೆಲಸವೆಂದು ನನ್ನ ನಂಬಿಕೆ. ಒಂದನ್ನು ಪಡೆಯುವವರು ಎಲ್ಲೋ ಒಬ್ಬಿಬ್ಬರು. ಇನ್ನೊಂದು ಸೋಲುವವರನ್ನೂ ಒಳಗೊಳ್ಳುತ್ತದೆ. ಸೋಲುವವರಿಗೆ ಅನ್ನವಿಲ್ಲದ ಊರಿನಲ್ಲಿ ಗೆಲ್ಲುವವರು ಹುಟ್ಟುವುದು ಆಕಸ್ಮಿಕ.

ಬಹುಮಾನದ ಬಗೆಗಳನ್ನು ಕುರಿತು ಯೋಚಿಸುವಾಗ ನನಗೆ ಕರಾವಳಿಯ ಕಂಬಳದಷ್ಟು ಪಾಠ ಕಲಿಸಿದ ಕೂಟ ಮತ್ತೊಂದಿಲ್ಲ. ಹಿಂದೆ ಗೆದ್ದ ಕೋಣಗಳ ಯಜಮಾನನಿಗೆ ತೆಂಗಿನಕಾಯಿ, ಬಾಳೆಗೊನೆ ಕೊಡುತ್ತಿದ್ದರು. ಈಗ ಪವನಿನ ಲೆಕ್ಕದಲ್ಲಿ ಚಿನ್ನ. ನೇಗಿಲು, ಹಗ್ಗ, ಅಡ್ಡಹಲಗೆಯ ಓಟಗಳಲ್ಲಿ ಎರಡು ಕರೆಗಳಲ್ಲಿ (ಕೆಸರಿನ ಓಟದ ಹಾದಿಗಳಲ್ಲಿ) ಎರಡು ಜೋಡಿ ಕೋಣಗಳು ಓಡಿ, ಕರೆಯ ಕೊನೆಯ ಮಂಜೊಟ್ಟಿಯನ್ನು ಮೊದಲು ಮುಟ್ಟಿದ ಜೋಡಿ ಗೆಲ್ಲುತ್ತದೆ. ಎಲ್ಲರಿಗೂ ಗೊತ್ತಿರುವ ಬಗೆಯಿದು. ಕನೆಹಲಗೆಯ ರೀತಿಯೇ ಬೇರೆ. ಅಲ್ಲಿ ಕರೆಗೆ ಅಡ್ಡಲಾಗಿ ಎತ್ತರದಲ್ಲಿ ನಿಶಾನೆಯ ಬಟ್ಟೆ ಕಟ್ಟಿರುತ್ತಾರೆ, ಆರೂವರೆ ಕೋಲು, ಏಳೂವರೆ ಕೋಲು ಹೀಗೆ. ಕೋಣ ಓಡಿಸುವವನು ತೂತುಗಳುಳ್ಳ ಮರದ ಹಲಗೆಯ ಮೇಲೆ ಒಂದು ಕಾಲೂರಿ ನಿಂತು ಬರುವಾಗ ಆ ತೂತುಗಳಿಂದ ಕೆಸರುನೀರು ಚಿಮ್ಮಿ ಮೇಲೇಳುತ್ತದೆ. ಅದು ನಿಶಾನೆಗೆ ಹಾಯಬೇಕು. ಪಕ್ಕದಲ್ಲಿ ಓಡುವ ಎದುರಾಳಿಯಿಲ್ಲ. ನಿಶಾನೆಗೆ ನೀರು ಹಾಯಿಸಿದ ಜೋಡಿಗಳೆಲ್ಲ ಬಹುಮಾನಕ್ಕೆ ಅರ್ಹ. ಒಂದು ಜೋಡಿಯ ಗೆಲುವಿನಿಂದ ಇನ್ನೊಂದಕ್ಕೆ ಸೋಲಾಗಬೇಕಾಗಿಲ್ಲ. ಬಿಳಿಯ ಬಟ್ಟೆಯ ಮೇಲೆ ಬಿದ್ದ ಕೆಸರಿನ ಕಲೆಯೇ ಅಲ್ಲಿ ಪ್ರಮಾಣಪತ್ರ, ನೆರೆದವರೆಲ್ಲ ಸಾಕ್ಷಿಗಳು.

ಸಾರ್ವಜನಿಕ ಜೀವನದ ಗೌರವಗಳು ಈ ಕನೆಹಲಗೆಯಂತಿರಬೇಕೆಂದು ನನಗೆ ಅನೇಕ ಸಲ ತೋರಿದೆ. ವರ್ಷಕ್ಕೆ ಇಷ್ಟು ಮಂದಿ, ಜಿಲ್ಲೆಗೆ ಇಷ್ಟು, ಕ್ಷೇತ್ರಕ್ಕೆ ಇಷ್ಟು ಎಂದು ಮೊದಲೇ ಸಂಖ್ಯೆ ಕಟ್ಟಿ, ಆಮೇಲೆ ಅದಕ್ಕೆ ಹೆಸರುಗಳನ್ನು ತುಂಬಲು ಹೊರಡುವುದು ಸೇವೆಯನ್ನು ಓಟದ ಪಂದ್ಯವನ್ನಾಗಿ ಮಾಡಿದಂತೆ. ಒಬ್ಬ ವೈದ್ಯ ಗೌರವ ಪಡೆದುದರಿಂದ ಇನ್ನೊಬ್ಬ ಕೃಷಿಕ ಸೋತನೆಂದು ಯಾರೂ ಹೇಳಲಾರರು. ಆದರೆ ಪಟ್ಟಿ ಪ್ರಕಟವಾದ ಮರುದಿನ ಪತ್ರಿಕೆಗಳಲ್ಲಿ ಕಾಣುವುದು ಅದೇ ಭಾವ, ಯಾರು ಗೆದ್ದರು, ಯಾರು ಬಿಟ್ಟುಹೋದರು ಎಂಬ ಲೆಕ್ಕ. 2014ರ ಫೆಬ್ರವರಿಯಲ್ಲಿ ವಿಜ್ಞಾನಿ ಸಿ.ಎನ್.ಆರ್. ರಾವ್ ಅವರಿಗೂ ಕ್ರಿಕೆಟ್ ಆಟಗಾರ ಸಚಿನ್ ತೆಂಡೂಲ್ಕರ್ ಅವರಿಗೂ ಒಂದೇ ದಿನ ಭಾರತರತ್ನ ಪ್ರದಾನವಾದಾಗ, ಇಬ್ಬರನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಿದ ಮಾತುಗಳನ್ನು ನಾನೂ ಕೇಳಿದೆ. ಆ ಪ್ರಶಸ್ತಿಯು 1954ರಲ್ಲಿ ಹುಟ್ಟಿದಾಗ ಆಟಗಾರರಿಗೆ ಅದರ ವ್ಯಾಪ್ತಿಯಲ್ಲಿ ಸ್ಥಾನವಿರಲಿಲ್ಲ. 2011ರಲ್ಲಿ ನಿಯಮವನ್ನು ವಿಸ್ತರಿಸಿದ ಮೇಲೆಯೇ ಹಾದಿ ತೆರೆಯಿತು. ತೆಂಡೂಲ್ಕರರ ಓಟಗಳ ಎಣಿಕೆ ಅಂಕಪಟ್ಟಿಯಲ್ಲಿ ಆಗಲೇ ಇದ್ದಿತು, ಅದಕ್ಕೆ ಸರ್ಕಾರದ ಮುದ್ರೆ ಬೇಕಿರಲಿಲ್ಲ. ಅವರಿಗೆ ದೇಶವು ಸಲ್ಲಿಸಿದುದು ಎಣಿಕೆಗೆ ಸಿಗದ ಬೇರೊಂದಕ್ಕೆ, ಒಂದು ತಲೆಮಾರಿನ ಎದುರಿಗೆ ಇಪ್ಪತ್ತನಾಲ್ಕು ವರ್ಷ ನಡೆದುಕೊಂಡ ರೀತಿಗೆ. ಹಾಗೆ ನೋಡಿದರೆ ಇಬ್ಬರ ನಡುವೆ ಪಂದ್ಯವೇ ಇಲ್ಲ.

ಭಾರತರತ್ನದ ಜೊತೆಗೆ ಹಣವಿಲ್ಲ. ಅರಳಿ ಎಲೆಯಾಕಾರದ ಒಂದು ಪದಕ, ಒಂದು ಸನದು. ಸಂವಿಧಾನದ 18ನೆಯ ವಿಧಿಯು ಬಿರುದುಗಳನ್ನು ರದ್ದುಗೊಳಿಸಿದೆ. ಇಂಥ ರಾಷ್ಟ್ರೀಯ ಪ್ರಶಸ್ತಿಗಳು ಆ ವಿಧಿಗೆ ವಿರುದ್ಧವೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋದಾಗ, ಅವು ಬಿರುದುಗಳಲ್ಲವೆಂದೂ, ಆದರೆ ಪಡೆದವರು ಅವನ್ನು ತಮ್ಮ ಹೆಸರಿನ ಹಿಂದೆ ಮುಂದೆ ಬರೆದುಕೊಳ್ಳತಕ್ಕದ್ದಲ್ಲವೆಂದೂ 1995ರ ಡಿಸೆಂಬರಿನಲ್ಲಿ ತೀರ್ಪಾಯಿತು. ನಮ್ಮ ಆಹ್ವಾನ ಪತ್ರಿಕೆಗಳನ್ನು ನೋಡಿದರೆ ಆ ತೀರ್ಪಿನ ಸುದ್ದಿ ನಮ್ಮ ಮುದ್ರಣಾಲಯಗಳಿಗೆ ಇನ್ನೂ ತಲಪಿಲ್ಲವೆಂದೇ ಹೇಳಬೇಕು. ಇನ್ನು ಅರ್ಜಿಯ ವಿಷಯ. ಸೇವೆ ಮಾಡಿದವನೇ ತನ್ನ ಸೇವೆಯ ಪಟ್ಟಿಯನ್ನು ಬೆರಳಚ್ಚು ಮಾಡಿಸಿ, ಪತ್ರಿಕಾ ತುಣುಕುಗಳನ್ನು ಲಗತ್ತಿಸಿ, ಶಿಫಾರಸು ಪತ್ರ ಹೊತ್ತು ಕಚೇರಿಯಿಂದ ಕಚೇರಿಗೆ ಅಲೆಯುವಂತಾದರೆ, ಅವನು ಅಲೆದುದು ಅವನ ತಪ್ಪಲ್ಲ; ನೋಡಬೇಕಾದ ಕಣ್ಣು ನೋಡದೆ ಹೋದುದರಿಂದ ಅವನು ತನ್ನನ್ನು ತಾನೇ ತೋರಿಸಿಕೊಳ್ಳಬೇಕಾಯಿತು. ಹುಡುಕುವುದು ಸಮಿತಿಯ ಕೆಲಸ. ಊರಿನಲ್ಲಿ ಯಾರು ಏನು ಮಾಡುತ್ತಿದ್ದಾರೆಂದು ಅರಿಯಲಾರದ ಸನ್ಮಾನ ಸಮಿತಿಗೆ ಆ ಊರಿನ ಹೆಸರಿನಲ್ಲಿ ಶಾಲು ಹೊದಿಸುವ ಅಧಿಕಾರವೆಲ್ಲಿಂದ ಬರಬೇಕು?

ಕೊಟ್ಟ ಗೌರವವನ್ನು ಹೇಗೆ ಧರಿಸಬೇಕೆಂಬುದಕ್ಕೆ ನಮ್ಮವರೇ ಇಬ್ಬರು ದಾರಿ ತೋರಿದ್ದಾರೆ. 1970ರಲ್ಲಿ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದಲ್ಲಿ ಡಿ.ವಿ. ಗುಂಡಪ್ಪನವರಿಗೆ ಸಾರ್ವಜನಿಕರು ದೊಡ್ಡ ಹಮ್ಮಿಣಿಯನ್ನು ಅರ್ಪಿಸಿದಾಗ, ಸಂಪಾದನೆಯೆಂಬುದನ್ನು ಎಂದೂ ಬೆನ್ನಟ್ಟದ ಆ ವೃದ್ಧರು ಅದನ್ನು ಇಡಿಯಾಗಿ, ತಾವು 1945ರಲ್ಲಿ ಕಟ್ಟಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಒಪ್ಪಿಸಿಬಿಟ್ಟರು. ಜನ ಕೊಟ್ಟುದು ಜನರ ಕೆಲಸಕ್ಕೇ ಸೇರಿತು. ತುರ್ತುಪರಿಸ್ಥಿತಿಯ ಕಾಲದಲ್ಲಿ ಶಿವರಾಮ ಕಾರಂತರು ತಮಗೆ ಬಂದಿದ್ದ ಪದ್ಮಭೂಷಣವನ್ನು ಸರ್ಕಾರಕ್ಕೆ ಹಿಂದಿರುಗಿಸಿದರು. ಓಟದಲ್ಲಿ ಗೆದ್ದ ಪದಕವನ್ನು ಹಿಂದಿರುಗಿಸಿದರೂ ಗೆಲುವು ಗೆಲುವಾಗಿಯೇ ಉಳಿಯುತ್ತದೆ, ಏಕೆಂದರೆ ಅದು ಕೊಟ್ಟವನಿಂದ ಬಂದುದಲ್ಲ. ಸಾರ್ವಜನಿಕ ಗೌರವವಾದರೋ ಕೊಡುವವನೊಡನೆ ಮಾಡಿಕೊಂಡ ಒಂದು ಸಂಬಂಧ. ಕೊಟ್ಟವನು ತನ್ನ ಧರ್ಮಕ್ಕೆ ತಪ್ಪಿದರೆ ಪಡೆದವನು ಆ ಸಂಬಂಧವನ್ನು ಕಡಿದುಕೊಳ್ಳಬಲ್ಲ. ಕಾರಂತರು ಮಾಡಿದುದು ಅದು.

ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಮೊದಲ ಭಾಗದಲ್ಲಿ, ಆಳುವವರಿಗೆ ಸಲ್ಲುವ ಪ್ರತಿಫಲ ಮೂರು ಬಗೆಯದೆನ್ನುತ್ತಾನೆ: ಹಣ, ಮಾನ, ಇಲ್ಲವೆ ಒಂದು ದಂಡನೆ. ಯೋಗ್ಯರಾದವರು ಮೊದಲೆರಡಕ್ಕೆ ಒಲಿಯುವುದಿಲ್ಲ. ತಾವು ಹಿಂಜರಿದರೆ ತಮಗಿಂತ ಅಯೋಗ್ಯರ ಆಳ್ವಿಕೆಯಲ್ಲಿ ಬದುಕಬೇಕಾಗುವ ಆ ದಂಡನೆಗೆ ಅಂಜಿ ಅವರು ಹೊಣೆ ಹೊರುತ್ತಾರಂತೆ. ಈ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಸೇವೆಯಲ್ಲಿ ಭಯವಲ್ಲದೆ ಪ್ರೀತಿಯೂ ಇರುತ್ತದೆಂಬುದನ್ನು ನಮ್ಮ ಹಳ್ಳಿಗಳ ಎಷ್ಟೋ ಆಶಾ ಕಾರ್ಯಕರ್ತೆಯರಲ್ಲಿ, ಏಕೋಪಾಧ್ಯಾಯ ಶಾಲೆಯ ಮೇಷ್ಟರುಗಳಲ್ಲಿ ಕಂಡಿದ್ದೇನೆ. ಆದರೆ ಅವರನ್ನು ಸಂತೋಷಪಡಿಸುವುದು ಶಾಲಲ್ಲವೆಂಬುದು ಮಾತ್ರ ನಿಜ. ಆಶಾ ಕಾರ್ಯಕರ್ತೆಗೆ ಗೌರವಧನವು ಕಾಲಕ್ಕೆ ಸರಿಯಾಗಿ ಕೈ ಸೇರಬೇಕು. ಮೇಷ್ಟರಿಗೆ ಶಾಲೆಯ ಸೋರುವ ಹೆಂಚು ಬದಲಾಗಬೇಕು.

ಆದುದರಿಂದ ತಮ್ಮಲ್ಲಿ ಕೇಳಿಕೊಳ್ಳುವುದಿಷ್ಟು. ತಾವು ನಡೆಸುವ ಕ್ರೀಡಾಕೂಟದಲ್ಲಿ ಸ್ಪರ್ಧೆ ಮುಗಿದ ಗಳಿಗೆಯಲ್ಲಿಯೇ, ಬಯಲಿನಲ್ಲಿಯೇ, ಬೆವರು ಆರುವ ಮುನ್ನ, ಕಾಲವನ್ನೂ ದೂರವನ್ನೂ ಸ್ಪಷ್ಟವಾಗಿ ಬರೆದ ಪ್ರಮಾಣಪತ್ರವು ಗೆದ್ದವರ ಕೈಗೆ ಬರಲಿ. ಅದನ್ನು ಕೊಡುವವರು ಅದೇ ಆಟದಲ್ಲಿ ಹಿಂದೆ ಗೆದ್ದ ಹಿರಿಯರಾಗಿದ್ದರೆ ಇನ್ನೂ ಒಳ್ಳೆಯದು. ಕಪ್ಪುಗಳ, ಫಲಕಗಳ ಅಂಗಡಿಗೆ ಹೋಗುವ ಹಣದಲ್ಲಿ ಅರ್ಧವನ್ನು ಆಟ ಆರಂಭವಾಗುವ ಮೊದಲೇ ತೆಗೆದಿಟ್ಟು, ದೂರದ ಊರುಗಳಿಂದ ಬರುವ ಮಕ್ಕಳ ಬಸ್ಸಿನ ಖರ್ಚಿಗೆ, ಮಧ್ಯಾಹ್ನದ ಊಟಕ್ಕೆ, ಕಾಲಿಗೆ ಒಂದು ಜೊತೆ ಸ್ಪೈಕ್ಸಿಗೆ ಬಳಸಿರಿ. ಸೋತವರಿಗೂ ಗೆದ್ದವರಿಗೂ ಸಮನಾಗಿ. ಕ್ರೀಡಾಕೂಟದ ವೇದಿಕೆಯಲ್ಲಿ ಅತಿಥಿಗಳಿಗೆ ಸನ್ಮಾನ ಬೇಡ. ಅವರು ಬಂದು ಕುಳಿತು ನೋಡಲಿ. ಊರಿಗಾಗಿ ದುಡಿದವರಿಗೆ ಗೌರವ ಸಲ್ಲಿಸುವ ಸಭೆಯನ್ನು ಬೇರೆಯೇ ದಿನ ಇಟ್ಟು, ಅಲ್ಲಿ ಅರ್ಜಿಯನ್ನು ಕೇಳದೆ, ಸಂಖ್ಯೆಯನ್ನು ಕಟ್ಟದೆ, ಅರ್ಹರು ಯಾರೂ ಕಣ್ಣಿಗೆ ಬೀಳದ ವರ್ಷ ಯಾರಿಗೂ ಕೊಡದಿರುವ ಧೈರ್ಯವನ್ನು ಇಟ್ಟುಕೊಳ್ಳಿರಿ. ಯಾರಿಗೆ ಏಕೆ ಕೊಟ್ಟೆವೆಂಬುದನ್ನು ನಾಲ್ಕು ವಾಕ್ಯಗಳಲ್ಲಿ ಬರೆದು ಸಭೆಯಲ್ಲಿ ಓದಿರಿ. ಆ ನಾಲ್ಕು ವಾಕ್ಯಗಳನ್ನು ಬರೆಯಲಾಗದಿದ್ದರೆ ಆ ಹೆಸರನ್ನು ಪಟ್ಟಿಯಿಂದ ತೆಗೆಯಿರಿ.

ಚಂದಾ ಕೊಡುವ ವರ್ತಕರು ವೇದಿಕೆಯ ಮೇಲೆ ಕುರ್ಚಿಯನ್ನು ನಿರೀಕ್ಷಿಸುತ್ತಾರೆ, ಜನಪ್ರತಿನಿಧಿಗಳನ್ನು ಕರೆಯದಿದ್ದರೆ ಮೈದಾನವೇ ಸಿಗುವುದಿಲ್ಲ ಎಂಬ ತಮ್ಮ ಉತ್ತರವನ್ನು ನಾನು ಊಹಿಸಬಲ್ಲೆ. ಅದು ಸುಳ್ಳಲ್ಲ. ಕರೆಯಿರಿ, ಕುರ್ಚಿ ಕೊಡಿರಿ, ಬೆಳಗಿನ ಧ್ವಜಾರೋಹಣವನ್ನು ಅವರಿಂದ ಮಾಡಿಸಿರಿ. ಮಕ್ಕಳು ಓಡುವ ಹೊತ್ತಿನಲ್ಲಿ ಮಾತ್ರ ಯಾರನ್ನೂ ಸ್ವಾಗತಿಸಲು ಹೋಗಬೇಡಿರಿ. ಈ ವರ್ಷದ ಪೂರ್ವಭಾವಿ ಸಭೆಗಳು ಇನ್ನೇನು ಆರಂಭವಾಗಲಿವೆ. ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮುನ್ನ ಈ ಪತ್ರವನ್ನು ಒಮ್ಮೆ ಸಭೆಯಲ್ಲಿ ಓದಿ ಚರ್ಚಿಸಬೇಕೆಂದು ಬೇಡುತ್ತೇನೆ. ಕಾಲ ನೋಡಿ ಬರೆದುಕೊಳ್ಳಲು ಜನ ಸಾಲದ ಸಮಿತಿಗಳು ತಿಳಿಸಿದರೆ, ನನ್ನ ಬಳಿ ಸರಿಯಾಗಿ ನಡೆಯುವ ಎರಡು ಸ್ಟಾಪ್‌ವಾಚುಗಳಿವೆ, ತಂದುಕೊಂಡು ಬರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ